ಎಲ್ಲಾ ಸೇರಿ ಎಷ್ಟು?

ಬೇಸಿಗೆ ಹತ್ತಿರವಾದರೆ ನಮ್ಮ ಮನೆಗೆ ಮಾವಿನಮಿಡಿಗಿಂತ ಮೊದಲು ಬರುವುದು ಟೂರ್ ಪ್ಯಾಕೇಜ್. ಫೆಬ್ರವರಿ ಮುಗಿಯುವುದರೊಳಗೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ಬಣ್ಣದ ಚಿತ್ರವೊಂದನ್ನು ಹಾಕಿರುತ್ತಾರೆ. ನೀಲಿ ಸಮುದ್ರ, ಬಾಗಿದ ತೆಂಗಿನ ಮರ, ನಡುವೆ ದಪ್ಪಕ್ಷರದಲ್ಲಿ '5 ರಾತ್ರಿ 6 ಹಗಲು, ಊಟ ತಿಂಡಿ ವಸತಿ ಎಲ್ಲಾ ಸೇರಿ', ಕೆಳಗೆ ಒಂದು ಮೊತ್ತ, ಮೊತ್ತದ ನೆತ್ತಿಯ ಮೇಲೊಂದು ಪುಟ್ಟ ನಕ್ಷತ್ರ. ಒಬ್ಬೊಬ್ಬರಾಗಿ ಎಲ್ಲರೂ ಹೆಬ್ಬೆಟ್ಟು ತೋರಿಸುತ್ತಾರೆ. ಮೈದುನ 'ಹೋಗೋಣ್ವಾ?' ಅನ್ನುತ್ತಾನೆ. ಓರಗಿತ್ತಿ ಆಗಲೇ ಸೀರೆಯೋ ಚೂಡಿದಾರವೋ ಎಂಬ ಯೋಚನೆಗೆ ಬಿದ್ದಿರುತ್ತಾಳೆ. ಅಷ್ಟರಲ್ಲಿ ನಮ್ಮವರು ಕನ್ನಡಕ ಏರಿಸಿ, 'ಇದು ನಿಜವಾಗ್ಲೂ ವರ್ಕೌಟ್ ಆಗುತ್ತಾ?' ಎಂದು ಬರೆಯುತ್ತಾರೆ. ಅಲ್ಲಿಂದ ಮುಂದೆ ಎರಡು ದಿನ ಗುಂಪಿನಲ್ಲಿ ಯಾರೂ ಉಸಿರೆತ್ತುವುದಿಲ್ಲ.

ನಮ್ಮವರು ಬ್ಯಾಂಕಿನಿಂದ ನಿವೃತ್ತರಾದವರು. ಮೂವತ್ತು ವರ್ಷ ಬೇರೆಯವರ ಸಾಲದ ಅರ್ಜಿಗಳನ್ನು ಜರಡಿ ಹಿಡಿದವರಿಗೆ ಈಗ ಸಿಕ್ಕಿರುವುದು ಪ್ಯಾಕೇಜುಗಳು. ಹಳೆಯ ಡೈರಿಯೊಂದನ್ನು ತೆರೆದು ಹಾಳೆಯ ನಡುವೆ ಗೆರೆ ಎಳೆಯುತ್ತಾರೆ. ಎಡಗಡೆ 'ಪ್ಯಾಕೇಜ್', ಬಲಗಡೆ 'ನಾವೇ ಹೋದರೆ'. ವಿಮಾನದ ಟಿಕೆಟ್ಟು, ಕೋಣೆಯ ಬಾಡಿಗೆ, ಟ್ಯಾಕ್ಸಿ, ಊಟ, ನೋಡುವ ಜಾಗಗಳ ಪ್ರವೇಶದರ ಎಲ್ಲವನ್ನೂ ಫೋನಿನಲ್ಲಿ ಕೆದಕಿ ತೆಗೆದು ಬಲಗಡೆ ಸಾಲಾಗಿ ಕೂರಿಸುತ್ತಾರೆ. ಕೊನೆಗೆ ಕೆಳಗೆ ಎರಡು ಗೆರೆ ಹೊಡೆದು, 'ನೋಡು, ತಲೆಗೆ ನಾಲ್ಕು ಸಾವಿರ ಜಾಸ್ತಿ ತಗೊತಿದಾನೆ' ಎಂದು ತೀರ್ಪು ಕೊಡುತ್ತಾರೆ. ಲೆಕ್ಕದಲ್ಲಿ ಅವರನ್ನು ಸೋಲಿಸುವವರು ನಮ್ಮ ವಂಶದಲ್ಲಿಲ್ಲ. ಆದರೆ ಆ ನಾಲ್ಕು ಸಾವಿರ ಯಾತಕ್ಕೆ, ಅದನ್ನು ಕೊಡಬಹುದೇ, ಕೊಟ್ಟರೆ ಯಾವಾಗ ಕೊಡಬೇಕು ಎಂಬ ವಿಷಯದಲ್ಲಿ ಮಾತ್ರ ನನಗೂ ಒಂದೆರಡು ಮಾತು ಹೇಳುವುದಿದೆ.

ಮೊದಲು ಆ '5 ರಾತ್ರಿ 6 ಹಗಲು' ನೋಡಿ. ಆರು ಹಗಲುಗಳಲ್ಲಿ ಮೊದಲನೆಯದು ವಿಮಾನ ಇಳಿಯುವ ಸಂಜೆ ಐದು ಗಂಟೆಗೆ ಶುರುವಾಗಿ 'ಹೋಟೆಲಿನಲ್ಲಿ ವಿಶ್ರಾಂತಿ' ಎಂಬಲ್ಲಿಗೆ ಮುಗಿಯುತ್ತದೆ. ಆರನೆಯ ಹಗಲು ಎಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಒಣಗಿದ ಸ್ಯಾಂಡ್‌ವಿಚ್ಚಿನ ಪೊಟ್ಟಣ ಹಿಡಿದು ವಿಮಾನ ನಿಲ್ದಾಣದಲ್ಲಿ ಕೂತಿರುವುದು. ಆ ದಿನದ ತಿಂಡಿಯೂ ಪ್ಯಾಕೇಜಿನಲ್ಲಿ ಸೇರಿರುತ್ತದೆ, ತಿನ್ನಲು ನಾವಿರುವುದಿಲ್ಲ, ಅಷ್ಟೇ. ಹೀಗಾಗಿ ಪ್ಯಾಕೇಜಿನ ಬೆಲೆ ಕೇಳುವ ಮೊದಲು ವಿಮಾನದ ಹೊತ್ತು ಕೇಳಬೇಕು. ಬೆಳಿಗ್ಗೆ ಇಳಿದು ರಾತ್ರಿ ಹತ್ತುವ ನಾಲ್ಕು ಹಗಲು, ಸಂಜೆ ಇಳಿದು ಬೆಳಿಗ್ಗೆ ಹತ್ತುವ ಆರು ಹಗಲಿಗೆ ಸುಲಭವಾಗಿ ಸಮ.

ಆಮೇಲೆ ಊಟದ ಸಂಕೇತಾಕ್ಷರಗಳು. ಇಪಿ ಅಂದರೆ ಕೋಣೆ ಮಾತ್ರ. ಸಿಪಿ ಅಂದರೆ ಕೋಣೆ ಮತ್ತು ಬೆಳಗಿನ ತಿಂಡಿ. ಎಂಎಪಿ ಅಂದರೆ ತಿಂಡಿಯ ಜೊತೆಗೆ ಒಂದು ಊಟ, ಸಾಮಾನ್ಯವಾಗಿ ರಾತ್ರಿಯದು. ಎಪಿ ಅಂದರೆ ಮೂರು ಹೊತ್ತೂ ಅವರದೇ. ಇವೆಲ್ಲದರ ಮೇಲೆ ಕಿರೀಟವಿಟ್ಟಂತೆ ಆಲ್ ಇನ್‌ಕ್ಲೂಸಿವ್. ಅದರಲ್ಲಿ ಕುಡಿಯುವುದೂ ಸೇರಿತು. ನಮ್ಮ ಕಡೆಯ ಟೂರ್‌ಗಳಲ್ಲಿ ಹೆಚ್ಚಾಗಿ ಓಡುವುದು ಎಂಎಪಿ. ಅಂದರೆ ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿದ್ದು ಹೊಟ್ಟೆ ತಾಳ ಹಾಕುವ ಹೊತ್ತಿಗೆ ಸರಿಯಾಗಿ, ಡ್ರೈವರ್ ತನಗೆ ಗೊತ್ತಿರುವ ಡಾಬಾದ ಮುಂದೆ ಗಾಡಿ ನಿಲ್ಲಿಸುತ್ತಾನೆ. ಅಲ್ಲಿಯ ಬಿಲ್ಲು 'ನಾವೇ ಹೋದರೆ'ಯ ಅಂಕಣಕ್ಕೂ ಸೇರುವುದಿಲ್ಲ, 'ಪ್ಯಾಕೇಜ್' ಅಂಕಣಕ್ಕೂ ಸೇರುವುದಿಲ್ಲ.

ಎಲ್ಲಾ ಸೇರಿಸಿ ಮಾರುವ ವ್ಯಾಪಾರದ ಗುಟ್ಟು ತಿಳಿಯಲು ಪರದೇಶಕ್ಕೇನೂ ಹೋಗಬೇಕಿಲ್ಲ, ನಮ್ಮ ಹೋಟೆಲಿನ ಫುಲ್ ಮೀಲ್ಸ್ ಸಾಕು. ಎರಡು ಪೂರಿಗೇ ಕೈತೊಳೆದು ಏಳುವವರು, ಮೂರನೆಯ ಸಲ ಅನ್ನ ಹಾಕಿಸಿಕೊಂಡು ಮಜ್ಜಿಗೆಗೆ ಕಾಯುವವರ ಬಾಬ್ತನ್ನೂ ಕಟ್ಟಿ ಎದ್ದಿರುತ್ತಾರೆ. ಮಾಲೀಕ ಯಾರ ಊಟಕ್ಕೂ ನಷ್ಟ ಮಾಡಿಕೊಂಡಿರುವುದಿಲ್ಲ. ಆಲ್ ಇನ್‌ಕ್ಲೂಸಿವ್ ರೆಸಾರ್ಟಿನಲ್ಲಿ ಮೂರನೆಯ ಸಲದ ಅನ್ನದ ಜಾಗದಲ್ಲಿ ವಿಸ್ಕಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಸಸ್ಯಾಹಾರಿಗಳಾದ, ಹೆಂಡ ಮುಟ್ಟದ, ರಾತ್ರಿ ಎಂಟೂವರೆಗೆ ಮೊಸರನ್ನ ಹುಡುಕುವ ನಮ್ಮಂಥ ಸಂಸಾರವೊಂದು ಅಲ್ಲಿಗೆ ಹೋದರೆ ಏನಾಗುತ್ತದೆ? ಪಕ್ಕದ ಕೋಣೆಯ ಅಪರಿಚಿತರ ನಾಲ್ಕನೆಯ ಪೆಗ್ಗಿಗೆ ನಾವು ಗೊತ್ತಿಲ್ಲದೆ ಚಂದಾ ಕೊಟ್ಟಿರುತ್ತೇವೆ.

ಈ ವ್ಯವಹಾರದ ಮೂಲಪುರುಷನಿಗೆ ಇದು ಗೊತ್ತಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತ 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದ. ತಲೆಗೆ ಒಂದು ಶಿಲಿಂಗ್. ಹೋದದ್ದು ಸಮುದ್ರ ನೋಡಲಿಕ್ಕಲ್ಲ, ಪಾನನಿರೋಧ ಸಭೆಗೆ. ಕುಡಿಯಬೇಡಿ ಎಂದು ಹೇಳಲು ಹೊರಟ ಗುಂಪಿನಿಂದ ಹುಟ್ಟಿದ ಪ್ಯಾಕೇಜ್ ಟೂರು, ಕುಡಿದಷ್ಟೂ ಉಚಿತ ಎಂಬ ಫಲಕದವರೆಗೆ ಬಂದು ನಿಂತಿದೆ. ನಡುವೆ 1950ರಲ್ಲಿ ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ ಎಂಬ ವಾಟರ್ ಪೋಲೊ ಆಟಗಾರ ಸ್ಪೇನಿನ ಮಯೋರ್ಕಾ ದ್ವೀಪದ ಅಲ್ಕೂದಿಯಾ ಎಂಬಲ್ಲಿ ಡೇರೆಗಳನ್ನು ಹೊಡೆದು ಕ್ಲಬ್ ಮೆಡ್ ಶುರುಮಾಡಿದ. ಯುದ್ಧ ಮುಗಿದು ಬಸವಳಿದಿದ್ದ ಯುರೋಪಿನ ಜನಕ್ಕೆ ಒಂದೇ ದುಡ್ಡಿನಲ್ಲಿ ಊಟ, ಮಲಗಲು ಜಾಗ, ಆಟ, ಸಮುದ್ರ. ಮುಂದೆ ಅಲ್ಲಿ ಪರ್ಸಿನ ಗೊಡವೆಯೇ ಬೇಡವೆಂದು ಬಾರಿನ ಲೆಕ್ಕಕ್ಕೆ ಬಣ್ಣದ ಮಣಿಗಳು ಬಂದವು. ಕೊರಳಲ್ಲಿ ಮಣಿಸರ ಹಾಕಿಕೊಂಡು ಬೇಕಾದಾಗ ಒಂದೊಂದೇ ಬಿಚ್ಚಿಕೊಡುವುದು. ದುಡ್ಡು ಕೊಡುತ್ತಿದ್ದೇವೆ ಎಂಬ ನೋವು ಮರೆಯಾದರೆ ರಜೆ ಸಿಹಿಯಾಗುತ್ತದೆ ಎಂದು ಆತ ಕಂಡುಕೊಂಡಿದ್ದ.

ನಮ್ಮಲ್ಲಿ ಅದಕ್ಕೆ ಬೇರೆಯದೇ ದಾರಿ ಇತ್ತು. ಧರ್ಮಸ್ಥಳದಲ್ಲಿ, ಹೊರನಾಡಿನಲ್ಲಿ, ಶೃಂಗೇರಿಯಲ್ಲಿ ಪಂಕ್ತಿಯಲ್ಲಿ ಕೂತವರನ್ನು ಯಾರೂ ಯಾವ ಪ್ಲ್ಯಾನ್ ಎಂದು ಕೇಳುವುದಿಲ್ಲ. ಬಡಿಸುತ್ತಾರೆ, ಉಂಡು ಏಳುತ್ತೇವೆ, ಹುಂಡಿಗೆ ಹಾಕುವುದು ನಮ್ಮ ಮನಸ್ಸಿಗೆ ಬಿಟ್ಟದ್ದು. ನಮ್ಮ ಅತ್ತೆಯ ಪ್ರಕಾರ ಪ್ರವಾಸ ಎಂದರೆ ಇಷ್ಟೇ. ಅವರು ಪ್ಯಾಕೇಜೆಂಬ ಮಾತಿಗೆ ಒಲಿದದ್ದು ಕಾಶಿಗೆ ಮಾತ್ರ. ಬೆಂಗಳೂರಿನಿಂದ 2022ರ ನವೆಂಬರಿನಲ್ಲಿ ಹೊರಟ ಭಾರತ್ ಗೌರವ್ ಕಾಶಿ ದರ್ಶನ ರೈಲಿನ ಸುದ್ದಿ ಟಿವಿಯಲ್ಲಿ ಬಂದಾಗ ಸದ್ದು ಜೋರು ಮಾಡಿಸಿ ಕೇಳಿದರು. ಕಾಶಿ, ಅಯೋಧ್ಯೆ, ಪ್ರಯಾಗ ಸೇರಿ ಎಂಟು ದಿನಕ್ಕೆ ತಲೆಗೆ 20,000 ರೂಪಾಯಿ, ಅದರಲ್ಲಿ ಸರ್ಕಾರದ ಸಹಾಯಧನ 5,000. ನಮ್ಮವರು ಡೈರಿ ತೆರೆಯಲು ಹೋದರೆ ಅತ್ತೆ, 'ಕಾಶಿಗೆ ಲೆಕ್ಕ ಹಾಕಬಾರದು ಕಣೋ, ಪುಣ್ಯ ಕಡಿಮೆಯಾಗುತ್ತೆ' ಎಂದು ಗದರಿದರು. ಲೆಕ್ಕ ಹಾಕಿದ್ದರೂ ಅದು ಅಗ್ಗವೇ. ಎಪ್ಪತ್ತು ದಾಟಿದವರಿಗೆ, ಹಿಂದಿ ಬಾರದವರಿಗೆ, ಒಂಟಿಯಾಗಿ ಹೊರಟವರಿಗೆ, ಕನ್ನಡದಲ್ಲಿ ಕೂಗಿ ಕರೆಯುವ ಒಬ್ಬ ಮೇಲ್ವಿಚಾರಕ ಮತ್ತು ಹೊತ್ತಿಗೆ ಸರಿಯಾಗಿ ಅನ್ನ ಸಾರು ಸಿಗುತ್ತದೆ ಎಂಬ ಭರವಸೆಗೆ ಬೆಲೆ ಕಟ್ಟುವುದು ಕಷ್ಟ. ಉತ್ತರ ಭಾರತ ಯಾತ್ರೆಗೆ ಅಡುಗೆಭಟ್ಟರನ್ನೂ ಪಾತ್ರೆಗಳನ್ನೂ ಜೊತೆಗೇ ಒಯ್ಯುವ ನಮ್ಮ ಟೂರಿನವರು ಇದನ್ನು ಚೆನ್ನಾಗಿ ಬಲ್ಲರು. ಅವರು ಮಾರುವುದು ಹಿಮಾಲಯವನ್ನಲ್ಲ, ಹಿಮಾಲಯದಲ್ಲಿ ತಿಳಿಸಾರನ್ನು.

ಇನ್ನು ಮೊತ್ತದ ನೆತ್ತಿಯ ಮೇಲಿದ್ದ ಆ ನಕ್ಷತ್ರ. ಅದರ ಜೋಡಿ ನಕ್ಷತ್ರ ಕರಪತ್ರದ ತೀರ ಕೆಳಗೆ, ಭೂತಗನ್ನಡಿಗೆ ಮಾತ್ರ ಕಾಣುವ ಅಕ್ಷರಗಳ ಪಕ್ಕದಲ್ಲಿ ಮಿನುಗುತ್ತಿರುತ್ತದೆ. ಅಲ್ಲಿರುವುದು 'ಇದರಲ್ಲಿ ಸೇರಿಲ್ಲದ್ದು' ಎಂಬ ಪಟ್ಟಿ. ಜಿಎಸ್‌ಟಿ 5 ಪರ್ಸೆಂಟ್ ಸೇರಿಲ್ಲ. ಟಿಪ್ಸ್ ಸೇರಿಲ್ಲ. ಗುಲ್ಮಾರ್ಗಕ್ಕೆ ಕರೆದೊಯ್ಯುತ್ತಾರೆ, ಗುಲ್ಮಾರ್ಗದ ಗೊಂಡೋಲಾ ಸೇರಿಲ್ಲ. ಕೇದಾರಕ್ಕೆ ಕರೆದೊಯ್ಯುತ್ತಾರೆ, ಗೌರೀಕುಂಡದಿಂದ ಮೇಲಕ್ಕೆ ಕುದುರೆ, ಡೋಲಿ ಯಾವುದೂ ಸೇರಿಲ್ಲ, ಹೆಲಿಕಾಪ್ಟರಂತೂ ಸೇರಿಲ್ಲ. ಆಗ್ರಾದಲ್ಲಿ ತಾಜಮಹಲಿನ ಟಿಕೆಟ್ ಸೇರಿದ್ದರೂ ಗೋರಿಯಿರುವ ಮುಖ್ಯ ಕಟ್ಟಡದ ಒಳಗೆ ಹೋಗಲು ಬೇಕಾದ ಬೇರೆ 200 ರೂಪಾಯಿ ಸೇರಿರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಊಟ ತಿಂಡಿ ಕ್ಯಾಂಪ್‌ಫೈರ್ ಎಲ್ಲ ಸೇರಿರುತ್ತದೆ, ಝರಿ ಜಲಪಾತದ ಜೀಪು ಮಾತ್ರ ಬೇರೆ. ಹೀಗೆ ಸೇರಿಲ್ಲದ್ದರ ಪಟ್ಟಿಯನ್ನು ಓದುತ್ತ ಹೋದರೆ ನಾವು ಆ ಊರಿಗೆ ಹೋಗಬೇಕೆಂದುಕೊಂಡದ್ದೇ ಯಾವುದಕ್ಕೋ, ಅದೆಲ್ಲ ಅಲ್ಲೇ ಇರುತ್ತದೆ.

ಪಟ್ಟಿಯ ನಡುವೆ ಇನ್ನೊಂದು ಮಾತು ಅಡಗಿರುತ್ತದೆ. ಹೋಟೆಲಿನ ಹೆಸರು ಬರೆದು, ಮುಂದೆ 'ಅಥವಾ ಅದಕ್ಕೆ ಸಮಾನವಾದದ್ದು' ಎಂದು ಸೇರಿಸಿರುತ್ತಾರೆ. ಹೆಸರಿನ ಹೋಟೆಲು ಪೇಟೆಯ ನಡುವೆ ಇರುತ್ತದೆ. ಸಮಾನವಾದದ್ದು ಊರಿನಿಂದ ಎಂಟು ಕಿಲೋಮೀಟರ್ ದೂರ, ಹೆದ್ದಾರಿಯ ಪಕ್ಕ, ಕಲ್ಯಾಣಮಂಟಪದ ಬೆನ್ನಿಗೆ. ವಾರದ ರಜೆಗಳನ್ನೂ ನೋಡಿಕೊಳ್ಳಬೇಕು. ತಾಜಮಹಲಿಗೆ ಶುಕ್ರವಾರ ರಜೆ. ನಮ್ಮ ಮೈಸೂರು ಮೃಗಾಲಯಕ್ಕೆ ಮಂಗಳವಾರ. ಮಂಗಳವಾರ ಮೈಸೂರಿಗೆ ಬಂದಿಳಿಯುವ ಬಸ್ಸಿನವರು ಮಕ್ಕಳನ್ನು ಏನು ತೋರಿಸಿ ಸಮಾಧಾನ ಮಾಡುತ್ತಾರೋ ಎಂದು ಮೃಗಾಲಯದ ಕಡೆ ಹೋದಾಗಲೆಲ್ಲ ಯೋಚಿಸುತ್ತೇನೆ. ಬಹುಶಃ ರೇಷ್ಮೆ ಅಂಗಡಿ. ಪ್ಯಾಕೇಜಿನಲ್ಲಿ ಖಂಡಿತವಾಗಿ ಸೇರಿರುವ, ಒಂದು ನಿಮಿಷವೂ ಕಡಿತವಾಗದ ಕಾರ್ಯಕ್ರಮವೆಂದರೆ ಅಂಗಡಿ. ಆಗ್ರಾದಲ್ಲಿ ಅಮೃತಶಿಲೆ, ಜೈಪುರದಲ್ಲಿ ರಜಾಯಿ, ಕಾಶ್ಮೀರದಲ್ಲಿ ಕೇಸರಿ ಮತ್ತು ಶಾಲು. ಕೋಟೆ ನೋಡಲು ಇಪ್ಪತ್ತು ನಿಮಿಷ ಕೊಟ್ಟ ಗೈಡು ಅಂಗಡಿಯ ಬಾಗಿಲಲ್ಲಿ ನಿಂತು, 'ಆರಾಮಾಗಿ ನೋಡಿ, ಅರ್ಜೆಂಟಿಲ್ಲ' ಎನ್ನುತ್ತಾನೆ.

ಇಷ್ಟನ್ನೆಲ್ಲ ಕಂಡೂ ಜನ ಪ್ಯಾಕೇಜನ್ನೇ ಯಾಕೆ ಕೊಳ್ಳುತ್ತಾರೆ? ಎಕನಾಮಿಕ್ಸ್ ಓದಿದ ನನ್ನ ಮಗಳ ಬಳಿ ಇದಕ್ಕೆ ಉತ್ತರವಿದೆ. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ ಎಂಬಿಬ್ಬರು 1998ರಲ್ಲಿ ಪ್ರಕಟಿಸಿದ ಬರಹದಲ್ಲಿ ಜನರ ಮುಂದೆ ಎರಡು ಖರ್ಚು ಇಟ್ಟರಂತೆ. ಎರಡಕ್ಕೂ ಬೆಲೆ 1,200 ಡಾಲರ್. ಒಂದು ಬಟ್ಟೆ ಒಗೆದು ಒಣಗಿಸುವ ಯಂತ್ರ, ಇನ್ನೊಂದು ಕೆರಿಬಿಯನ್ ದ್ವೀಪಗಳಲ್ಲಿ ಒಂದು ವಾರದ ರಜೆ. ಕಂತುಗಳನ್ನು ಮೊದಲೇ ಕಟ್ಟುತ್ತೀರೋ ಆಮೇಲೆ ಕಟ್ಟುತ್ತೀರೋ? ಯಂತ್ರಕ್ಕಾದರೆ ಆಮೇಲೆ ಎಂದವರೇ ಹೆಚ್ಚು, ರಜೆಗಾದರೆ ಮೊದಲೇ ಎಂದವರೇ ಹೆಚ್ಚು. ಮುಗಿದುಹೋದ ರಜೆಗೆ ಮನೆಗೆ ಬಂದ ಮೇಲೂ ಕಂತು ಕಟ್ಟುವುದು ಯಾರಿಗೆ ಬೇಕು? ಮೊದಲೇ ಕೊಟ್ಟುಬಿಟ್ಟರೆ ಅಲ್ಲಿರುವಷ್ಟು ದಿನ ಎಲ್ಲ ಬಿಟ್ಟಿ ಅನ್ನಿಸುತ್ತದೆ. 'ಅಂದ್ರೆ ಅಪ್ಪ ಲೆಕ್ಕ ಹಾಕ್ತಿರೋ ನಾಲ್ಕು ಸಾವಿರ, ಲೆಕ್ಕ ಮರೆಯೋಕೆ ಕೊಡೋ ಫೀಸು' ಎಂದು ಅವಳ ಷರಾ. ನಮ್ಮವರು ಅದನ್ನು ಯಾವ ಅಂಕಣಕ್ಕೆ ಹಾಕಬೇಕೆಂದು ತಿಳಿಯದೆ ಡೈರಿ ಮುಚ್ಚಿದರು.

ಆದರೆ ಬಿಟ್ಟಿ ಅನ್ನಿಸಿದ್ದಕ್ಕೆ ಇನ್ನೊಂದು ಮುಖವಿದೆ. ದುಡ್ಡು ಮೊದಲೇ ಕೊಟ್ಟಾಗಿದೆಯಲ್ಲ ಎಂಬ ಮಾತು ಕಾಲಿಗೆ ಬೇಡಿಯೂ ಆಗುತ್ತದೆ. ಮಲೆನಾಡಿನ ಯಾವುದೇ ರೆಸಾರ್ಟಿನಲ್ಲಿ ಸಂಜೆ ನಾಲ್ಕೂವರೆಗೆ ನಿಂತು ನೋಡಿ. ಮಧ್ಯಾಹ್ನ ಎರಡೂವರೆಯವರೆಗೆ ಊಟ ಮಾಡಿದವರೇ ಬಜ್ಜಿಯ ಮೇಜಿನ ಮುಂದೆ ಸಾಲು ಕಟ್ಟಿರುತ್ತಾರೆ. ಹಸಿವಿಲ್ಲ, ಆದರೆ ಬಿಡಲಾಗದು. ಮನೆಯಲ್ಲಿ ಸಕ್ಕರೆ ಕಡಿಮೆ ಮಾಡಿದ ಯಜಮಾನರು ಜಾಮೂನಿನ ಪಾತ್ರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿರುತ್ತಾರೆ. ಮಕ್ಕಳಿಗೆ ಬೇಡವಾದರೂ ರೈನ್ ಡಾನ್ಸಿಗೆ ಅಟ್ಟುತ್ತಾರೆ, 'ಅದಕ್ಕೂ ಸೇರಿಸಿ ಕೊಟ್ಟಿದೀವಿ, ಹೋಗಿ ಕುಣೀರೋ.' ಬೆಟ್ಟದ ಮೇಲೆ ಮಂಜು ಇಳಿದು ದಾರಿ ಕರೆಯುತ್ತಿರುತ್ತದೆ. ಹೋದರೆ ರಾತ್ರಿಯ ಬಫೆ ತಪ್ಪುತ್ತದೆ ಎಂದು ಯಾರೂ ಗೇಟು ದಾಟುವುದಿಲ್ಲ.

ನನ್ನ ಅಕ್ಕನ ಮಗಳು ಅಮೆರಿಕದ ಡಲ್ಲಾಸಿನಲ್ಲಿದ್ದಾಳೆ. ಅಲ್ಲಿಯ ಕನ್ನಡದ ಸಂಸಾರಗಳಿಗೆ ಡಿಸೆಂಬರ್ ರಜೆ ಬಂತೆಂದರೆ ಮೆಕ್ಸಿಕೋದ ಕ್ಯಾನ್‌ಕೂನ್ ನೆನಪಾಗುತ್ತದೆ. ಕೆಲವೇ ಗಂಟೆಗಳ ವಿಮಾನ, ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಇಳಿದ ಕೂಡಲೇ ಕೈಗೊಂದು ಬಣ್ಣದ ಪಟ್ಟಿ ಕಟ್ಟುತ್ತಾರೆ, ಆಮೇಲೆ ಕೈ ಚಾಚಿದ್ದೆಲ್ಲ ನಿಮ್ಮದು. 1970ರಿಂದೀಚೆಗೆ ಮೆಕ್ಸಿಕೋ ಸರ್ಕಾರವೇ ಪ್ರವಾಸಿಗಳಿಗಾಗಿ ಯೋಜನೆ ಹಾಕಿ ಕಟ್ಟಿದ ಊರು ಅದು. ಸಾಲಾಗಿ ನಿಂತ ರೆಸಾರ್ಟುಗಳಲ್ಲಿ ಆಲ್ ಇನ್‌ಕ್ಲೂಸಿವ್ ಎಂಬುದು ಉಸಿರಾಟದಷ್ಟು ಸಹಜ. ಅವಳು ವಾಪಸು ಬಂದ ಮೇಲೆ ಫೋನಿನಲ್ಲಿ, 'ಚಿಕ್ಕಮ್ಮಾ, ಪಾಪುಗೆ ಈಜು ಬಂತು, ನಮಗೆ ನಿದ್ದೆ ಬಂತು' ಎಂದಳು. ಮಾಯಾ ಜನರ ಚಿಚೆನ್ ಇಟ್ಜಾ ಅಲ್ಲಿಂದ ಸುಮಾರು 200 ಕಿಲೋಮೀಟರ್. ನೋಡಿದಿರಾ ಎಂದೆ. 'ಹೋದ್ರೆ ಒಂದು ಇಡೀ ದಿನ ವೇಸ್ಟ್ ಚಿಕ್ಕಮ್ಮ, ರೆಸಾರ್ಟಿಗೆ ಅಷ್ಟು ಕೊಟ್ಟಿರ್ತೀವಲ್ಲ.'

ಮಗಳ ಬಳಿ ಇದಕ್ಕೂ ಒಂದು ಪ್ರಯೋಗ ಇತ್ತು. ಹಾಲ್ ಆರ್ಕಿಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಜನರಿಗೆ ಒಂದು ಪ್ರಶ್ನೆ ಹಾಕಿದರು. ಹಿಮದಲ್ಲಿ ಜಾರುವ ಆಟಕ್ಕೆಂದು ಮಿಷಿಗನ್‌ಗೆ 100 ಡಾಲರಿನ ಟಿಕೆಟ್ಟು ಕೊಂಡಿದ್ದೀರಿ, ವಿಸ್ಕಾನ್ಸಿನ್‌ಗೆ 50 ಡಾಲರಿನದು. ವಿಸ್ಕಾನ್ಸಿನ್‌ನಲ್ಲೇ ಹೆಚ್ಚು ಖುಷಿ ಎಂದು ನಿಮಗೆ ಗೊತ್ತು. ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿವೆ, ಯಾವುದನ್ನೂ ಹಿಂತಿರುಗಿಸುವಂತಿಲ್ಲ. ಎಲ್ಲಿಗೆ ಹೋಗುತ್ತೀರಿ? ಅರ್ಧಕ್ಕಿಂತ ಹೆಚ್ಚು ಜನ ಮಿಷಿಗನ್ ಎಂದರು. ಖುಷಿ ಕಡಿಮೆಯಾದರೂ ಚಿಂತೆಯಿಲ್ಲ, ದುಬಾರಿಯದು ಹಾಳಾಗಬಾರದು. ಎರಡು ದಿನ ಹಳಸಿದ ಸಾರನ್ನು 'ಹೀರೇಕಾಯಿ ಕೇಜಿಗೆ ಎಂಬತ್ತು' ಎಂದು ಹೇಳಿಕೊಂಡು ಬಿಸಿ ಮಾಡುವ ನಾನು ಆ ಜನರನ್ನು ನೋಡಿ ನಗುವಂತಿಲ್ಲ.

ಹಾಗಾದರೆ ಪ್ಯಾಕೇಜ್ ಬೇಡವೇ? ಬೇಕಾದ ಜಾಗಗಳಿವೆ. ಕಬಿನಿಯನ್ನೇ ನೋಡಿ. 1980ರಲ್ಲಿ ಶುರುವಾದ ನಮ್ಮ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಮನೆಯನ್ನು ಇಟ್ಟುಕೊಂಡು ನಡೆಸುತ್ತಿರುವ ವಸತಿ ಅದು. ಮಧ್ಯಾಹ್ನದ ಊಟ, ಸಂಜೆಯ ಸಫಾರಿ, ರಾತ್ರಿಯ ಊಟ, ಬೆಳಗಿನ ಸಫಾರಿ, ತಿಂಡಿ, ಎಲ್ಲ ಒಂದೇ ಬಿಲ್ಲಿನಲ್ಲಿ. ಕಾಡಿನೊಳಕ್ಕೆ ಸಿಕ್ಕ ಗಾಡಿಯಲ್ಲಿ ನುಗ್ಗುವಂತಿಲ್ಲ, ಸಫಾರಿಯ ಗಾಡಿಗಳಿಗೆ ಮಿತಿಯಿದೆ. ಹೊರಗೆ ಹೋಗಿ ಮಸಾಲೆದೋಸೆ ತಿಂದು ಬರುತ್ತೇನೆ ಎಂದರೆ ಆನೆ ಎದುರಾದೀತು. ಅಲ್ಲಿ ಪ್ಯಾಕೇಜನ್ನು ಬಿಡಿಸಿ ನೋಡುವುದರಲ್ಲಿ ಅರ್ಥವಿಲ್ಲ. ಮಾಲ್ಡೀವ್ಸಿನ ಕತೆಯೂ ಅದೇ. 1972ರಲ್ಲಿ ಕುರುಂಬಾ ಎಂಬ ರೆಸಾರ್ಟಿನಿಂದ ಅಲ್ಲಿಯ ಪ್ರವಾಸೋದ್ಯಮ ಶುರುವಾದಾಗಿನಿಂದ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ರೂಢಿ. ಸುತ್ತ ನೀರು. ಊಟದ ಪ್ಲ್ಯಾನಿಲ್ಲದೆ ಹೋದ ನವದಂಪತಿ ಒಂದು ತಟ್ಟೆ ಅನ್ನಕ್ಕೆ ಅವರು ಹೇಳಿದ ಬೆಲೆ ಕೊಡಬೇಕು, ಬೇರೆ ಹೋಟೆಲು ಹುಡುಕಲು ಈಜಬೇಕು. ಅಲ್ಲಿ ಮೂರು ಹೊತ್ತಿನ ಊಟ ಸೇರಿದ ಪ್ಯಾಕೇಜೇ ಸರಿ. ಆದರೆ ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಕರೆದೊಯ್ಯುವ ಸ್ಪೀಡ್‌ಬೋಟು ಅಥವಾ ನೀರ್ವಿಮಾನದ ಬಾಡಿಗೆ, ಮತ್ತು 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ಒಬ್ಬರಿಗೆ ದಿನಕ್ಕೆ 12 ಡಾಲರಿಗೆ ಏರಿದ ಹಸಿರು ತೆರಿಗೆ ಒಳಗೋ ಹೊರಗೋ ಎಂದು ಕೇಳಿಕೊಂಡು ಹತ್ತಬೇಕು.

ಇದೇ ಲೆಕ್ಕವನ್ನು ಮೈಸೂರಿಗೋ ಉಡುಪಿಗೋ ಮಧುರೈಗೋ ಹಾಕಿದರೆ ಉತ್ತರ ತಿರುಗಿ ಬೀಳುತ್ತದೆ. ಮೈಸೂರಿಗೆ ಬಂದು ಎಪಿ ಪ್ಲ್ಯಾನಿನಲ್ಲಿ ಹೋಟೆಲಿನ ಬಫೆಯ ಪನೀರ್ ತಿನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆಚೆ ಬೀದಿಯಲ್ಲಿ ಮೈಲಾರಿ ದೋಸೆ ಹೊಗೆಯಾಡುತ್ತಿದೆ, ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆ ನೇತಾಡುತ್ತಿದೆ, ಇವರು ಕೂಪನ್ ಹಿಡಿದು ಸೂಪಿಗೆ ಕಾಯುತ್ತಿದ್ದಾರೆ. ಉಡುಪಿಯಲ್ಲಿ ಊಟ ಸೇರಿಸಿ ಕೋಣೆ ಹಿಡಿಯುವುದಂತೂ ಸಮುದ್ರಕ್ಕೆ ನೀರು ಹೊತ್ತ ಹಾಗೆ. ವಿದೇಶವಾದರೆ ತೆರಿಗೆಯ ಒಂದು ತೊಡಕೂ ಉಂಟು. 2020ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು ದುಡ್ಡು ಹಿಡಿಯುತ್ತಾರೆ, ಅದರ ದರ ಆಗಾಗ ಬದಲಾಗಿದೆ. ಬರೀ ವಿಮಾನದ ಟಿಕೆಟ್ಟನ್ನೋ ಬರೀ ಹೋಟೆಲನ್ನೋ ಬೇರೆಯಾಗಿ ಕೊಂಡರೆ ಅದು ಪ್ಯಾಕೇಜ್ ಆಗುವುದಿಲ್ಲ. ಹಿಡಿದ ದುಡ್ಡು ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಾಣಿಕೆಯಾಗುತ್ತದೆ ನಿಜ. ಅಲ್ಲಿಯವರೆಗೆ ಅದು ನಮ್ಮ ಕೈಯಲ್ಲಿರುವುದಿಲ್ಲ, ಅದೂ ನಿಜ.

ಈಗ ಡೈರಿಯ ಬಲಗಡೆಗೆ ಬರುತ್ತೇನೆ. 'ನಾವೇ ಹೋದರೆ' ಎಂಬ ಅಂಕಣದಲ್ಲಿ ಟ್ಯಾಕ್ಸಿಗೆ ಸಾಲುಂಟು, ನೀರಿನ ಬಾಟಲಿಗೂ ಸಾಲುಂಟು. ನಾವೇ ಹೋದಾಗ ಮನೆಯ ಹೆಂಗಸು ಮಾಡುವ ಕೆಲಸಕ್ಕೆ ಸಾಲಿಲ್ಲ. ಹೊರಡುವ ವಾರದ ಮೊದಲೇ ಪುಳಿಯೋಗರೆ ಗೊಜ್ಜು ಕುದಿಸಿ, ಚಟ್ನಿಪುಡಿ ಕುಟ್ಟಿ, ಉಪ್ಪಿಟ್ಟಿನ ರವೆ ಹುರಿದು ಒಗ್ಗರಣೆ ಸಮೇತ ಡಬ್ಬಿಗೆ ತುಂಬಿ, ಎಲೆಕ್ಟ್ರಿಕ್ ಕುಕ್ಕರಿಗೆ ಪಂಚೆ ಸುತ್ತಿ ಸೂಟ್‌ಕೇಸಿನಲ್ಲಿ ಇಡುವವರು ಯಾರು? ಊಟಿಯ ಕೋಣೆಯಲ್ಲಿ, ಎಲ್ಲರೂ ಕಿಟಕಿಯಿಂದ ಮಂಜು ನೋಡುತ್ತಿರುವಾಗ, ಸ್ನಾನದ ಮನೆಯ ಕೈತೊಟ್ಟಿಯಲ್ಲಿ ಅಕ್ಕಿ ತೊಳೆಯುವವರು ಯಾರು? ಮಧ್ಯಾಹ್ನ ಎಲ್ಲಿ ತಿನ್ನೋಣ ಎಂದು ಯಜಮಾನರು ಮೂರು ಹೋಟೆಲುಗಳ ಮೆನು ಓದಿ ಮೂರನ್ನೂ ತಿರಸ್ಕರಿಸುವಾಗ, ಹಸಿದ ಮಗುವಿಗೆ ಬಿಸ್ಕತ್ತು ಕೊಟ್ಟು ಅತ್ತೆಗೆ ಮಾತ್ರೆ ಕೊಟ್ಟು ಇಬ್ಬರನ್ನೂ ಸಮಾಧಾನ ಮಾಡುವವರು ಯಾರು? ಬಲಗಡೆಯ ಮೊತ್ತ ತಲೆಗೆ ನಾಲ್ಕು ಸಾವಿರ ಕಡಿಮೆ ಬರುವುದು ಹಾಗೆ. ಆ ನಾಲ್ಕು ಸಾವಿರವನ್ನು ಒಬ್ಬರು ದುಡಿದು ಉಳಿಸಿರುತ್ತಾರೆ, ರಜೆಯಲ್ಲಿದ್ದುಕೊಂಡು.

ವರ್ಷದಲ್ಲಿ ಮುನ್ನೂರರವತ್ತೈದು ರಾತ್ರಿಯೂ ಮಲಗುವ ಮುನ್ನ 'ನಾಳೆ ತಿಂಡಿಗೇನು?' ಎಂಬ ಪ್ರಶ್ನೆಗೆ ಉತ್ತರ ಕೊಟ್ಟವಳಿಗೆ, ಬೆಳಿಗ್ಗೆ ಎದ್ದು ಕೆಳಗಿಳಿದರೆ ಇನ್ನೊಬ್ಬರು ಮಾಡಿಟ್ಟ ಇಡ್ಲಿ ಕಾಯುತ್ತಿರುತ್ತದೆ ಎಂಬುದೇ ಪ್ರೇಕ್ಷಣೀಯ ಸ್ಥಳ. ಆ ಇಡ್ಲಿ ಗಟ್ಟಿಯಿರಬಹುದು, ಸಾಂಬಾರಿಗೆ ಬೆಲ್ಲ ಹೆಚ್ಚಾಗಿರಬಹುದು. ನಾನಂತೂ ದೂರು ಹೇಳುವುದಿಲ್ಲ. ಆಯ್ಕೆ ಮಾಡುವ ಕೆಲಸವೂ ಒಂದು ಕೆಲಸವೇ. ಎಷ್ಟೋ ಮನೆಗಳಲ್ಲಿ ಅದು ಒಬ್ಬರ ತಲೆಯ ಮೇಲೆಯೇ ಬಿದ್ದಿರುತ್ತದೆ. ಪ್ಯಾಕೇಜಿನವನು ಹೆಚ್ಚಿಗೆ ತೆಗೆದುಕೊಳ್ಳುವ ದುಡ್ಡಿನಲ್ಲಿ ಆ ಹೊರೆಯನ್ನು ಐದು ದಿನ ಹೊರುತ್ತಾನೆ.

ಹಾಗೆಂದು ಎಲ್ಲರಿಗೂ ಇದು ಹೊರೆಯಲ್ಲ. ನಮ್ಮವರಿಗೆ ರೈಲ್ವೆ ವೇಳಾಪಟ್ಟಿ ಓದುವುದು, ಹೋಟೆಲಿನವರಿಗೆ ಫೋನು ಮಾಡಿ ನೂರು ರೂಪಾಯಿ ಇಳಿಸುವುದು, ಆಟೋದವನೊಡನೆ ತಮಿಳಿನಲ್ಲಿ ಜಗಳವಾಡಿ ಗೆಲ್ಲುವುದು, ಇವೇ ಪ್ರವಾಸ. ಅವರನ್ನು ಗುಂಪಿನ ಬಸ್ಸಿನಲ್ಲಿ ಕೂರಿಸಿದರೆ ಮೂರನೆಯ ದಿನಕ್ಕೆ ಡ್ರೈವರಿಗೆ ದಾರಿ ಹೇಳಿಕೊಡಲು ಶುರುಮಾಡುತ್ತಾರೆ. ಅಂಥವರ ಸುಖವನ್ನು ಪ್ಯಾಕೇಜ್ ಕಿತ್ತುಕೊಳ್ಳುತ್ತದೆ. ಗೊರೂರರು 'ಅಮೆರಿಕದಲ್ಲಿ ಗೊರೂರು' ಬರೆದರು, ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. '5 ರಾತ್ರಿ 6 ಹಗಲು' ಹೋಗಿ ಬಂದವರು ಅಂಥದ್ದೊಂದು ಪುಸ್ತಕ ಬರೆದದ್ದು ನಾನು ಕಂಡಿಲ್ಲ. ದಾರಿ ತಪ್ಪದೆ, ಬಸ್ಸು ತಪ್ಪದೆ, ಊಟ ತಪ್ಪದೆ ನಡೆದ ಪ್ರವಾಸದಲ್ಲಿ ಬರೆಯುವಂಥದ್ದು ಏನು ಉಳಿದಿರುತ್ತದೆ? ಹೇಳಿಕೊಳ್ಳಲು ಕತೆ ಬೇಕಾದವರು ತಾವೇ ಹೋಗಲಿ. ಮೈಮುರಿದು ನಿದ್ದೆ ಬೇಕಾದವರು ಪ್ಯಾಕೇಜ್ ಕೊಳ್ಳಲಿ.

ಆದ್ದರಿಂದ ಈ ಬೇಸಿಗೆಗೆ ನನ್ನ ಶಿಫಾರಸು ಇಷ್ಟೇ. ಮೊದಲು ಗೇಟಿನಾಚೆ ಏನಿದೆ ನೋಡಿ. ಕಾಡೋ ಕಡಲೋ ಭಾಷೆ ತಿಳಿಯದ ಊರೋ ಇದ್ದರೆ ಎಲ್ಲಾ ಸೇರಿಸಿಯೇ ಕೊಳ್ಳಿ, ಬೀದಿಯಿದ್ದರೆ ಕೋಣೆಯನ್ನು ಮಾತ್ರ ಹಿಡಿದು ಬೀದಿಗೆ ಇಳಿಯಿರಿ. ಸೇರಿದ್ದರ ಪಟ್ಟಿಗಿಂತ ಸೇರಿಲ್ಲದ್ದರ ಪಟ್ಟಿಯನ್ನು ಮೊದಲು ಓದಿ. ಲೆಕ್ಕವನ್ನು ಮನೆಯಲ್ಲಿ ಯಾರು ಬೇಕಾದರೂ ಹಾಕಲಿ, ಚೆನ್ನಾಗಿ ಹಾಕುವವರೇ ಹಾಕಲಿ. ಬೇಕೋ ಬೇಡವೋ ಎಂಬ ಕೊನೆಯ ಮಾತನ್ನು ಮಾತ್ರ, ಹೋದ ಸಲದ ಪ್ರವಾಸದಲ್ಲಿ ಅಕ್ಕಿ ತೊಳೆದವರನ್ನು ಕೇಳಿ.